ಲೆಕ್ಕ ಸರಿಯಿತ್ತು, ಮಗು ಬೇರೆಯಿತ್ತು

ಊರಿನ ನಲ್ಲಿಗೆ ನೀರು ಬರುವುದು ಬೆಳಗಿನ ಆರಕ್ಕೆ. ಅಷ್ಟರೊಳಗೆ ತಿಪ್ಪೇರುದ್ರಮ್ಮ ಶಾಲೆಯ ಅಡುಗೆಕೋಣೆಯ ಬೀಗ ತೆಗೆದು, ಎರಡು ಡ್ರಮ್ಮು ತೊಳೆದು, ಪೈಪು ಹಚ್ಚಿರುತ್ತಾರೆ. ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆಗೆ ಹತ್ತಿರದ ಈ ಸರ್ಕಾರಿ ಶಾಲೆಯಲ್ಲಿ ಅವರು ಬಿಸಿಯೂಟದ ಅಡುಗೆಯವರು. ನಾನು ಹೋದಾಗ ಮೊರದ ತುಂಬ ತೊಗರಿಬೇಳೆ ಹರಡಿಕೊಂಡು ಕಲ್ಲು ಆರಿಸುತ್ತಿದ್ದರು.

“ಕುಂದರ್ರಿ. ಪೇಪರಿನಾಗ ಬರಿಯಾಕ ನನ್ನ ಹತ್ರ ಏನೈತ್ರಿ? ಅನ್ನ, ಸಾರು, ಅಷ್ಟ.”

ದಿನಕ್ಕೆ ನೂರಾ ಹದಿನಾಲ್ಕು ಮಕ್ಕಳು, ಹದಿಮೂರು ಕಿಲೋ ಅಕ್ಕಿ. ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ. ಗಂಡ ತೀರಿಕೊಂಡಾಗ ಚಿಕ್ಕ ಮಗಳಿಗೆ ಎರಡು ವರ್ಷ. ಗ್ಯಾಸ್ ಬರುವ ಮುಂಚೆ ಸೌದೆ ಒಲೆಯ ಹೊಗೆ ಕುಡಿದು ಹಿಡಿದ ಕೆಮ್ಮು ಈಗಲೂ ಬಿಟ್ಟಿಲ್ಲ. ಬಲಗೈಯಲ್ಲಿ ಗಂಜಿ ಬಿದ್ದು ಸುಟ್ಟ ಕಲೆಯಿದೆ. ಊಟದ ಹೊತ್ತಾದರೆ ಬಾಗಿಲ ಕಟ್ಟಿಗೆಗೆ ಸೌಟಿನಿಂದ ಮೂರು ಸಲ ಬಡಿಯುತ್ತಾರೆ. ಮಕ್ಕಳು ಓಡಿಬರುತ್ತವೆ.

ನಾನು ಬಂದಿರುವುದು ಬೇರೊಂದು ಸಂಗತಿ ಕೇಳಲು. ಕಳೆದ ಡಿಸೆಂಬರಿನಲ್ಲಿ ಶಾಲೆಯ ಮೂವತ್ತೆಂಟು ಮಕ್ಕಳು ಹೊನ್ನಾವರದ ಕಡೆ, ಸಮುದ್ರದ ಅಂಚಿನ ಉಪ್ಪುನೀರಿನಲ್ಲೇ ಬೆಳೆಯುವ ಕಾಂಡ್ಲಾ ಕಾಡು ನೋಡಲು ಹೋಗಿದ್ದರು. ಜೊತೆಗೆ ಮೂವರು ಶಿಕ್ಷಕರು. ಅಡುಗೆಗೆಂದು ತಿಪ್ಪೇರುದ್ರಮ್ಮ.

ಆ ಕಾಡೇ ಅವರಿಗೆ ಅರ್ಥವಾಗಲಿಲ್ಲ. “ಗಿಡದ ಬೇರುಗಳೆಲ್ಲಾ ಮ್ಯಾಲೇ ಅದಾವ್ರಿ, ಮಂಚದ ಕಾಲು ಇದ್ದಂಗ. ನಾವು ಹೋದಾಗ ಬರೇ ಕೆಸರು. ನೀರು ಎಲ್ಲಿ ಅಂದ್ರ, ಹೋಗೈತಿ, ಮಧ್ಯಾಹ್ನ ಬರ್ತೈತಿ ಅಂದ್ರು. ನೀರು ಹೇಳಿ ಕೇಳಿ ಹೋಗಿ ಬರ್ತೈತೇನ್ರಿ? ನನಗ ತಲಿನೇ ಓಡ್ಲಿಲ್ಲ.”

ಕೆಸರಿನ ಮೇಲೆ ಕಟ್ಟಿದ ಹಲಗೆಯ ದಾರಿ ಇಬ್ಬರು ಎದುರಾದರೆ ಮೈ ತಾಗುವಷ್ಟು ಕಿರಿದು. ಅಲ್ಲಿ ಕೂಡ್ಲಿಗಿ ತಾಲ್ಲೂಕಿನ ಇನ್ನೊಂದು ಶಾಲೆಯ ಮಕ್ಕಳು ಎದುರಿಗೆ ಬಂದರು. ಅವರದೂ ಅದೇ ಸಮವಸ್ತ್ರ. ಸಾಲಿಗೆ ಸಾಲು ಉಜ್ಜಿಕೊಂಡು ದಾಟಿದವು.

ಹೊರಗೆ ಬಂದಮೇಲೆ ಮುಖ್ಯಶಿಕ್ಷಕ ಪಾಲಾಕ್ಷಪ್ಪ ಎಣಿಸಿದರು: ಮೂವತ್ತೆಂಟು. ಬಸ್ಸು ಹತ್ತುವ ಮುಂಚೆ ತಿಪ್ಪೇರುದ್ರಮ್ಮ ಚಿತ್ರಾನ್ನ ಬಡಿಸಿದರು. ಮೂವತ್ತೆಂಟು ತಟ್ಟೆ ಹೋದವು. ಆದರೂ ಏನೋ ಸರಿಯಿಲ್ಲ ಅನ್ನಿಸಿತು.

“ಐದನೇ ಕ್ಲಾಸಿನ ರೇಣುಕಾ ಅಂತ ಒಬ್ಬಾಕಿ ಅದಾಳ. ಶೇಂಗಾ ಇನ್ನೊಂದೀಟು ಹಾಕೋವರೆಗೂ ತಟ್ಟಿ ಹಿಡ್ಕಂಡು ಮುಂದಕ್ಕೇ ಹೋಗಂಗಿಲ್ಲ. ಆವತ್ತು ಯಾರೂ ನಿಂದರಲಿಲ್ಲ.”

ಮೇಷ್ಟ್ರಿಗೆ ಹೇಳಿದರು. ಅವರು ಮತ್ತೆ ಎಣಿಸಿದರು. ಮತ್ತೆ ಮೂವತ್ತೆಂಟು.

“ಲೆಕ್ಕ ಸರಿ ಐತಲ್ಲಮ್ಮ.”

“ಲೆಕ್ಕ ಸರಿ ಐತ್ರಿ ಸರ್. ಆದ್ರ ರೇಣುಕಾ ಇಲ್ಲ.”

“ಅದೆಂಗ ಆಗ್ತೈತಿ?”

ಹೇಗೆ ಆಗುತ್ತದೆಂದು ತಿಪ್ಪೇರುದ್ರಮ್ಮನಿಗೂ ಗೊತ್ತಿರಲಿಲ್ಲ. ಸಾಲಿನುದ್ದಕ್ಕೂ ಒಂದೊಂದೇ ಮುಖ ನೋಡುತ್ತ ಹೋದರು. ತಲೆ ತಗ್ಗಿಸಿ ಉಣ್ಣುತ್ತಿದ್ದ ಹುಡುಗಿಯೊಬ್ಬಳ ಗದ್ದ ಹಿಡಿದೆತ್ತಿದರು. ಯಾವತ್ತೂ ಕಂಡ ಮುಖವಲ್ಲ. ಹೆಸರು ಸಂಗೀತಾ, ಕೂಡ್ಲಿಗಿಯ ಕಡೆಯವಳು. ಹಲಗೆಯ ಮೇಲೆ ಸಾಲು ತಪ್ಪಿ, ಹೇಳಲು ಹೆದರಿ, ಸುಮ್ಮನೆ ಇವರ ಹಿಂದೆ ಬಂದಿದ್ದಳು. ಆ ಶಾಲೆಯ ಬಸ್ಸು ಆಗಲೇ ಚಾಲೂ ಆಗಿತ್ತು. ಶಿಕ್ಷಕಿ ಗೀತಾಂಜಲಿ ಆಕೆಯ ಕೈಹಿಡಿದು ಅತ್ತ ಓಡಿದರು. ಆ ಬಸ್ಸಿನಲ್ಲಿ ರೇಣುಕಾ ಇರಲಿಲ್ಲ.

ತಿಪ್ಪೇರುದ್ರಮ್ಮ ಕಾಡಿನತ್ತ ಓಡಿದರು. ಎಲ್ಲರೂ ಹೊರಗೆ ಬಂದಾಯ್ತಲ್ಲ ಅಂದ ಗೇಟಿನವನ ಮಾತು ಕಿವಿಗೆ ಬೀಳಲಿಲ್ಲ. ಒಳಗೆ ದಾರಿ ಎರಡಾಗಿ ಒಡೆದಿತ್ತು. ಬೆಳಿಗ್ಗೆ ಕೆಸರಿದ್ದಲ್ಲಿ ಈಗ ನೀರು. ಬಂದ ಜಾಗವೇ ಹೌದೋ ಅಲ್ಲವೋ ತಿಳಿಯಲಿಲ್ಲ. ಹೆಸರು ಹಿಡಿದು ಕೂಗಿದರೆ ಕೆಮ್ಮು ಬಂತು.

“ಬಡಿಸೋ ಸೌಟು ಕೈಯಾಗೇ ಇತ್ರಿ, ಇಟ್ಟು ಬರಾಕ ನೆನಪೇ ಆಗಿಲ್ಲ. ಅಲ್ಲೇ ಹಲಗಿ ಪಕ್ಕದ ಕಟ್ಟಿಗಿ ಕಟಾಂಜನಕ್ಕ ಮೂರು ಸಲ ಬಡದೆ.”

ಎಡಗಡೆ ದಾರಿಯ ತುದಿಯಿಂದ “ಬಂದೇಬೇ” ಎಂಬ ದನಿ ಬಂತು. ರೇಣುಕಾ ಹಲಗೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. ಒಂದೇ ಕೈ ದೊಡ್ಡದಿರುವ ಏಡಿಗಳನ್ನು ನೋಡುತ್ತ ಹಿಂದುಳಿದವಳಿಗೆ ನೀರು ಪಾದ ಮುಟ್ಟಿದ್ದೂ ಗಮನಕ್ಕೆ ಬಂದಿರಲಿಲ್ಲ. ತಿಪ್ಪೇರುದ್ರಮ್ಮ ಒಂದೇಟು ಕೊಟ್ಟರು, ಆಮೇಲೆ ಅಪ್ಪಿಕೊಂಡು ತಾವೇ ಅತ್ತರು. ಯಾಕೆ ಹೊಡೆದೆ, ಯಾಕೆ ಅತ್ತೆ ಎಂದು ಇವತ್ತಿಗೂ ಅವರಿಗೆ ಬಗೆಹರಿದಿಲ್ಲ.

ಊರಿಗೆ ಬಂದಮೇಲೆ ಇನ್ನೊಂದು ಗೊಂದಲ. ಮಗು ಸಿಕ್ಕಿತಲ್ಲ, ಈ ವಿಷಯ ಊರಲ್ಲಿ ಎತ್ತುವುದು ಬೇಡ ಎಂದಿದ್ದರು ಪಾಲಾಕ್ಷಪ್ಪ. “ಸರ್ ಒಳ್ಳೇರು. ಅವರಿಗೂ ಹೆದರಿಕಿ. ಆದ್ರ ಆಕಿ ಅವ್ವನ ಮುಖ ಹೆಂಗ ನೋಡ್ಲಿ?” ಎರಡು ದಿನ ಒದ್ದಾಡಿ, ಮೂರನೇ ದಿನ ರೇಣುಕಾಳ ತಾಯಿ ಓಬಮ್ಮನ ಮನೆಗೆ ಹೋಗಿ ಎಲ್ಲ ಹೇಳಿಬಿಟ್ಟರು.

ಕುರಿ ಸಾಕುವ ಓಬಮ್ಮ ಎಲ್ಲ ಕೇಳಿಸಿಕೊಂಡು ಅಂದದ್ದು: “ನಾವೂ ಹಟ್ಟ್ಯಾಗ ಕುರಿ ಎಣಸಂಗಿಲ್ಲಕ್ಕ. ಮುಖ ನೋಡ್ತೀವಿ.” ಮರುದಿನ ಆಕೆಯೇ ಶಾಲೆಗೆ ಹೋಗಿ ಮೇಷ್ಟ್ರ ಜೊತೆ ಮಾತಾಡಿದಳು. ಜಗಳವೇನೂ ಆಗಲಿಲ್ಲ. ಪಾಲಾಕ್ಷಪ್ಪ ನನ್ನೆದುರು ಮುಚ್ಚಿಡದೆ ಒಪ್ಪಿಕೊಳ್ಳುತ್ತಾರೆ: “ಎರಡು ಸಲ ಎಣಿಸಿದೆ. ಒಂದು ಸಲನೂ ನೋಡಿರಲಿಲ್ಲ.”

ಈ ವರ್ಷ ಮತ್ತೆ ಪ್ರವಾಸವಿದೆ. ತಿಪ್ಪೇರುದ್ರಮ್ಮ ಬಂದರೆ ಮಾತ್ರ ಮಕ್ಕಳನ್ನು ಕಳಿಸುತ್ತೇವೆ ಅಂದಿದ್ದಾರೆ ತಾಯಂದಿರು. ನಿಮಗೇನು ಬೇಕು ಎಂದು ಕೇಳುತ್ತೇನೆ. ಅವರು ಮೊರ ಕೆಳಗಿಡುತ್ತಾರೆ.

“ಹೋದ ಸಲ ಪಟ್ಟ್ಯಾಗ ಹುಡುಗ್ರ ಹೆಸರಿತ್ತು, ಮೇಷ್ಟ್ರುಗಳ ಹೆಸರಿತ್ತು. ನಂದು ಇರಲಿಲ್ರಿ. ಆ ಕಾಡಿನೊಳಗ ನಾನೇ ಉಳ್ಕಂಡಿದ್ರ ಯಾವ ಲೆಕ್ಕದಾಗೂ ಕಡಿಮಿ ಬರ್ತಿರಲಿಲ್ಲ. ಈ ಸಲ ನಂದೊಂದು ಹೆಸರು ಬರೀರಿ ಅಂತ ಸರ್‌ಗ ಕೇಳೀನಿ. ಕೆಳಗ ಬರೆದ್ರೂ ನಡೀತೈತಿ.”