ಯಂಕಪ್ಪನ ರುಮಾಲು

ಯಂಕಪ್ಪ ರುಮಾಲು ಬಿಚ್ಚಿದರೆ ಕೆಲಸ ನಿಲ್ಲುತ್ತಿತ್ತು. ಬಿಚ್ಚಿ, ಜಾಡಿಸಿ, ನೆಲದ ಮೇಲೆ ಕೂತು ಅದನ್ನು ಮತ್ತೆ ಸುತ್ತಿಕೊಳ್ಳುವವರೆಗೆ ಗುರುಗುಂಟಾ ಕಡೆಯಿಂದ ಬಂದ ಮಣ್ಣಾಳುಗಳ ಇಡೀ ತಂಡ ಗುದ್ದಲಿ ಇಳಿಸಿ ಕೂತಿರುತ್ತಿತ್ತು. ಅವನು ಮೇಸ್ತ್ರಿಯಲ್ಲ. ಮೇಸ್ತ್ರಿ ಭೀಮಣ್ಣ; ದನಿ ದೊಡ್ಡದು. ಆದರೆ ಭೀಮಣ್ಣ ಕೂಗಿದಾಗ ಆಳುಗಳು ನೋಡುತ್ತಿದ್ದದ್ದು ಯಂಕಪ್ಪನ ಕಾಲುಗಳನ್ನು, ಎದ್ದನೋ ಇಲ್ಲವೋ ಎಂದು.

ಮಸ್ಕಿಯಾಚೆ ಕಾಲುವೆಯ ಅಗೆತ ಆಳಕ್ಕಿಳಿದಿತ್ತು. ಹೈದರಾಬಾದಿನಲ್ಲಿ ಓದು ಮುಗಿಸಿ ಬಂದ ನಾನು ಅಲ್ಲಿ ಅಳತೆ ಬರೆದುಕೊಳ್ಳುತ್ತಿದ್ದೆ. ದಂಡೆಯ ಬುಡ ಕೊರೆದರೆ ಮೇಲಿನ ಮಣ್ಣು ತಾನೇ ಕುಸಿಯುತ್ತದೆ, ಕೆಲಸ ಬೇಗ ಸಾಗುತ್ತದೆ. ಭೀಮಣ್ಣನಿಗೆ ಅದೇ ಆಸೆ. ಆದರೆ ಎರೆಮಣ್ಣು ಬಿರುಕು ಬಿಟ್ಟ ದಿನ ಅದು ಬುಡದಲ್ಲಿದ್ದವರ ಮೇಲೇ ಬೀಳಬಹುದು. ಅಂಥ ದಿನ ಯಂಕಪ್ಪ ಮಾತಿಲ್ಲದೆ ರುಮಾಲಿಗೆ ಕೈಹಾಕುತ್ತಿದ್ದ.

"ಎಷ್ಟೊತ್ತಲೇ ಸುತ್ತೋದು? ಮದಿಮಗ ಆಗಾಕ ಹೊಂಟೀಯೇನು?" ಎಂದು ಭೀಮಣ್ಣ ಬೈಯುತ್ತಿದ್ದ. ತಂಡ ನಗುತ್ತಿತ್ತು, ಏಳುತ್ತಿರಲಿಲ್ಲ. ಕೊನೆಗೆ ಮೇಲಿನಿಂದ ಕಡಿಯಿರೆಂದು ಭೀಮಣ್ಣನೇ ಹೇಳುತ್ತಿದ್ದ, ತನ್ನದೇ ವಿಚಾರವೆಂಬಂತೆ.

ಭೀಮಣ್ಣ ಸಿಂಧನೂರಿನ ಕಡೆ ಬೇರೆ ಕೆಲಸ ಹಿಡಿದು ಹೋದ. ತಂಡ ಯಂಕಪ್ಪನ ಮಾತು ಕೇಳುತ್ತದೆಂದು ಇಂಜಿನಿಯರ್ ಸಾಹೇಬರು ಅವನನ್ನೇ ಮೇಸ್ತ್ರಿ ಮಾಡಿದರು. ನನಗೂ ಸರಿಯೆನಿಸಿತ್ತು. ಯಂಕಪ್ಪ ಮಾತ್ರ ಕೈಮುಗಿದ.

"ಬ್ಯಾಡ್ರಿ ಸಾಹೇಬ್ರ. ನನಗ ಒದರಾಕ ಬರಂಗಿಲ್ಲ. ಮಂದ್ಯಾಗ ಒಬ್ಬಾಂವ ಆಗಿ ಇರತೀನಿ."

ಸಾಹೇಬರು ನಕ್ಕು, ಅವನ ಕೊರಳಿಗೆ ಸೀಟಿ ಹಾಕಿದರು. ಅಂದಿನಿಂದ ಅವನ ಗುದ್ದಲಿ ಬೇರೊಬ್ಬನ ಕೈ ಸೇರಿತು. ಬುತ್ತಿ ಬಿಚ್ಚುವಾಗಲೂ ತಂಡ ತುಸು ದೂರ ಕೂರತೊಡಗಿತು. ಮೇಸ್ತ್ರಿಯ ಎದುರು ಬೀಡಿ ಸೇದುವುದು ಹೇಗೆ?

ಒಂದು ಬೆಳಿಗ್ಗೆ ಸಾಹೇಬರು ಅವಸರದಲ್ಲಿದ್ದರು. ಬುಡ ಕೊರೆಯಲು ಹೇಳಿ ಹೋದರು. ದಂಡೆಯ ನೆತ್ತಿಯಲ್ಲಿ ಬಿರುಕಿತ್ತು. ನಾನದನ್ನು ಕಂಡಿದ್ದೆನೋ, ಆಮೇಲೆ ಕೇಳಿದ್ದು ಕಂಡಂತಾಗಿದೆಯೋ, ಈಗ ಖಾತ್ರಿಯಿಲ್ಲ. ಯಂಕಪ್ಪ ಕಂಡಿದ್ದ. ಯಾಕೆಂದರೆ ಅವನು ನನ್ನ ಪಕ್ಕದಲ್ಲೇ ಕೂತು ರುಮಾಲು ಬಿಚ್ಚಿದ.

ಯಾರೂ ಕೂರಲಿಲ್ಲ. ಮೇಸ್ತ್ರಿ ಕೂತರೆ ಮೇಸ್ತ್ರಿ ಕೂತ, ಅಷ್ಟೇ.

"ಕುಂದ್ರು ಯಂಕಣ್ಣ, ಆರಾಮ ಕುಂದ್ರು. ನಾವದೀವಲ್ಲ," ಎಂದ ಒಬ್ಬ. ಅದರಲ್ಲಿ ಪ್ರೀತಿಯೇ ಇತ್ತು. ಗುದ್ದಲಿಗಳು ಬುಡಕ್ಕೆ ಬಿದ್ದವು.

ಯಂಕಪ್ಪನ ಕೈ ರುಮಾಲಿನಲ್ಲೇ ನಿಂತಿತು. ಬಾಯಿ ತೆರೆದ. ದನಿ ಬಂತೆಂದು ಕೆಲವು ಸಲ ನನಗನಿಸುತ್ತದೆ. ಅದು ನನ್ನ ಆಸೆಯಿರಬಹುದು. ಸೀಟಿಯ ನೆನಪು ಅವನಿಗಾಗಲಿಲ್ಲ. ರುಮಾಲು ಬಿಟ್ಟು ಓಡಿದ, ದಂಡೆಯ ಕೆಳಕ್ಕೆ, ಎಲ್ಲರಿಗಿಂತ ಒಳಗಿದ್ದವನ ಕೈ ಹಿಡಿದು ಎಳೆಯಲು. ಆಗ ಆಳುಗಳು ತಿರುಗಿ ನೋಡಿದರು. ಹೊರಬದಿಯಲ್ಲಿದ್ದವರು ಓಡಿ ಹೊರಗೆ ಬಂದರು.

ಮಣ್ಣು ಕುಸಿದ ಸದ್ದು ದೊಡ್ಡದೇನೂ ಇರಲಿಲ್ಲ.

ಅವರಿಬ್ಬರ ದೇಹಗಳನ್ನು ಹೊರತೆಗೆದಾಗ ಮಧ್ಯಾಹ್ನವಾಗಿತ್ತು. ಕೂರಿರೆಂದು ಯಾರೂ ಹೇಳಲಿಲ್ಲ. ಯಂಕಪ್ಪನ ಸುತ್ತ ಇಡೀ ತಂಡ ಗುದ್ದಲಿ ಇಳಿಸಿ ಕೂತಿತು.