ಸೊನ್ನೆ ಬರೆದ ಭಾನುವಾರಗಳು

ಜೂನ್ ತಿಂಗಳ ಎರಡನೆಯ ಸೋಮವಾರ, ಬೆಳಿಗ್ಗೆ ಹತ್ತು ಗಂಟೆ. ಮಡಕಶಿರದ ನಮ್ಮ ಮನೆಯ ಜಗಲಿಯಲ್ಲಿ ಮೂವರಿದ್ದೆವು: ನಾನು, ನಾನು ಗುಮಾಸ್ತನಾಗಿ ನಿವೃತ್ತನಾದ ತಾಲ್ಲೂಕು ಕಚೇರಿಯ ಹಳೆಯ ಕಾವಲುಗಾರ, ರಾಯದುರ್ಗದಿಂದ ಬಂದ ಒಬ್ಬ ಹೆಣ್ಣುಮಗಳು. ದೇಶದ ಮಳೆ ಹತ್ತಾರು ವರ್ಷಗಳಲ್ಲಿ ಹೇಗೆ ಬದಲಾಗಿದೆ ಎಂದು ಲೆಕ್ಕ ಹಾಕುವವರಲ್ಲಿ ಆಕೆಯೂ ಒಬ್ಬಳು. ನಮ್ಮ ಕಚೇರಿಯ ಮಳೆ ರಿಜಿಸ್ಟರುಗಳ ನಕಲು ತಂದಿದ್ದಳು. ಬಹುಪಾಲು ನನ್ನದೇ ಅಕ್ಷರ.

ಮಳೆ ಅಳೆಯುವುದು ದಿನಾ ಬೆಳಿಗ್ಗೆ ಎಂಟೂವರೆಗೆ. ಮಳೆಮಾಪಕದ ಡಬ್ಬಿಯಲ್ಲಿ ಬಿದ್ದ ನೀರನ್ನು ಅಳತೆಯ ಗಾಜಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ಬರೆದು, ಚೆಲ್ಲಬೇಕು. ಈ ಕೆಲಸದಲ್ಲಿ ನಾನು ಗಡಿಯಾರದಂತಿದ್ದೆ ಎಂದು ಜನ ಹೇಳುತ್ತಿದ್ದರು. ನಾನೂ ಹೇಳಿಕೊಂಡಿದ್ದೇನೆ.

"ಭಾಳ ಚೊಕ್ಕ ಬರ್ದೀರಿ ಸರ್, ಒಂದು ಚಿತ್ತಿಲ್ಲ," ಎಂದಳು. "ಆದ್ರ ನಿಮ್ಮ ಕಾಲದಾಗ ಭಾನುವಾರ ಮಳಿನೇ ಬಂದಿಲ್ಲಲ್ರಿ. ಯಾಕ?"

"ಮಳೆಗೂ ಒಂದು ರಜ ಬ್ಯಾಡ್ವೇನವ್ವ?" ಎಂದ ಕಾವಲುಗಾರ.

ಆಕೆ ನಕ್ಕಳು. "ಭಾನುವಾರ ಆಫೀಸಿನಾಗ ಯಾರಿರ್ತಿದ್ರು?"

"ನಾನೇ ಕಣವ್ವ. ಹೆಬ್ಬೆಟ್ಟಿನವನು."

ಆಕೆ ಪುಸ್ತಕದಲ್ಲಿ ಏನೋ ಬರೆದುಕೊಂಡಳು. ತಲೆಕೆಳಗಾದ ಬರಹ ಓದುವುದು ಗುಮಾಸ್ತರಿಗೆ ಅಭ್ಯಾಸ. 'ಭಾನುವಾರ ಕಾವಲುಗಾರ ನೋಡಿ ಹೇಳಿದ್ದು; ಓದು ಬಾರದವನು, ತಪ್ಪಿರಬಹುದು' ಎಂದಿತ್ತು. ಅವನು ಟೀ ಆರಿಸುತ್ತಾ ಕೂತಿದ್ದ, ನನ್ನ ಕಡೆ ನೋಡಲಿಲ್ಲ. ಆ ಲೋಟ ಖಾಲಿಯಾಗುವವರೆಗೆ ನಾನು ನಕಲಿನ ಹಾಳೆ ತಿರುವುತ್ತಿದ್ದೆ.

ಶನಿವಾರ ಸಂಜೆಯೇ ಭಾನುವಾರದ ಸಾಲಿಗೆ ಸೊನ್ನೆ ಬರೆದು, ರುಜು ಹಾಕಿ, ಅಮರಾಪುರದ ಬಸ್ಸು ಹತ್ತಿ ಊರಿಗೆ ಹೋಗುತ್ತಿದ್ದೆ. ನಮ್ಮ ಸೀಮೆಯಲ್ಲಿ ಸೊನ್ನೆ ಬರೆದವನು ತಪ್ಪುವುದು ಅಪರೂಪ. ಸೋಮವಾರದ ಅಳತೆ ಕೆಡದಿರಲೆಂದು ಭಾನುವಾರ ಎಂಟೂವರೆಗೆ ಸರಿಯಾಗಿ ಡಬ್ಬಿ ಚೆಲ್ಲಲು ಇವನಿಗೆ ಹೇಳಿದ್ದೆ. ಒಂದು ಸಲ ಇವನು ಚೆಲ್ಲದೆ, ನೀರನ್ನು ಚೊಂಬಿಗೆ ಬಗ್ಗಿಸಿ ತಟ್ಟೆ ಮುಚ್ಚಿಟ್ಟಿದ್ದ. ಸೋಮವಾರ ನಾನು ಬಂದಾಗ, "ಸನಿವಾರ ರಾತ್ರೆಲ್ಲ ಉಯ್ತು ಸಾ, ಅಳೀರಿ," ಎಂದ. ಅಳೆದರೆ ರಿಜಿಸ್ಟರಿನಲ್ಲಿ ಚಿತ್ತು ಬೀಳುತ್ತಿತ್ತು. ಎಲ್ಲರೆದುರು ಅವನನ್ನು ಗದರಿ, ಚೊಂಬನ್ನು ಕಚೇರಿ ಅಂಗಳದ ಬೇವಿನ ಬುಡಕ್ಕೆ ಬಗ್ಗಿಸಿದೆ.

"ಈಗ ಬರೆದದ್ದು ಹೊಡೆದುಹಾಕಮ್ಮ," ಎಂದೆ ಕೊನೆಗೆ. "ಇವನ ತಪ್ಪಲ್ಲ. ಭಾನುವಾರ ಯಾರೂ ಅಳೆದೇ ಇಲ್ಲ." ಚೊಂಬಿನ ಸಂಗತಿಯನ್ನೂ ಬಿಡದೆ ಹೇಳಿದೆ.

"ಈಗ್ಯಾಕೆ ಬಿಡಿ ಸಾ," ಎಂದ ಅವನು. "ಬೇವಿನ ಮರ ಚೆನ್ನಾಗೈತೆ."

ಆಕೆ ನಗಲಿಲ್ಲ. "ಅಳೆದಿಲ್ಲ ಅಂದ್ರ ಖಾಲಿ ಬಿಡ್ತೀವ್ರಿ. ಸೊನ್ನೆ ಅಂದ್ರ ಮಳಿ ಇಲ್ಲ ಅಂತ ಲೆಕ್ಕಕ್ಕ ಬರ್ತದ. ಈಗ ಭಾನುವಾರನೂ ಅಳೀತಾರ. ಹಂಗೇ ಬಿಟ್ಟಿದ್ರ, ಆವಾಗ ಮಳಿ ಕಡಿಮಿ ಇತ್ತು, ಈಗ ಹೆಚ್ಚಾಗೇತಿ ಅಂತ ನಾನು ಬರೀತಿದ್ದೆ."

ಬರದ ಸೀಮೆಗೆ ಇಲ್ಲದ ಮಳೆಯನ್ನು ಕಾಗದದ ಮೇಲೆ ಹೆಚ್ಚಿಸುವ ಕೆಲಸ ನನ್ನದಾಗಿತ್ತು. ಆಕೆಯ ಮುಖ ನೋಡಲಾಗಲಿಲ್ಲ.

ಮೂಲ ರಿಜಿಸ್ಟರ್ ತಿದ್ದುವ ಹಕ್ಕು ನನಗಿಲ್ಲ. ನಕಲಿನ ಮೇಲೆಯೇ ಕೆಂಪು ಪೆನ್ನಿನಿಂದ ಭಾನುವಾರದ ಸೊನ್ನೆಗಳನ್ನು ಹೊಡೆಯಲು ಶುರು ಮಾಡಿದೆ. ಹಾಳೆಗಳು ಗಾಳಿಗೆ ಹಾರದಂತೆ ಅವನು ಹಿಡಿದುಕೊಂಡ. ಚೊಂಬಿನ ದಿನ ಯಾವುದು ಎಂದು ಕೇಳಿದೆ. ಅವನಿಗೂ ನೆನಪಿರಲಿಲ್ಲ. ಎಲ್ಲ ಸೊನ್ನೆಗಳೂ ಒಂದೇ ಥರ ದುಂಡಗಿದ್ದವು.

ಒಂದು ಗಂಟೆಗೆ ಊಟ ಮಾಡಿದೆವು. ಮಧ್ಯಾಹ್ನದ ನಿದ್ದೆ ಮಾಡಲಿಲ್ಲ. ಸಂಜೆ ಐದೂಕಾಲಿಗೆ ಕೊನೆಯ ಭಾನುವಾರದ ಸೊನ್ನೆ ಹೊಡೆದು, ಪಕ್ಕದಲ್ಲಿ 'ಅಳೆದಿಲ್ಲ' ಎಂದು ಬರೆದು ರುಜು ಹಾಕಿದೆ.