ಬೂದಿ ತೊಳೆದ ಅವರೆ

ಪೆರುಂಗುಡಿಯಲ್ಲಿ ನಮ್ಮ ಕಚೇರಿಯ ಕೆಳಗಿನ ಅಂಗಡಿಯಲ್ಲಿ ಈಗ ಬೂದಿಯನ್ನೂ ಪೊಟ್ಟಣ ಕಟ್ಟಿ ಮಾರುತ್ತಾರೆ. ಮೇಲೊಂದು ಹಸಿರೆಲೆಯ ಚಿತ್ರ, ಶುದ್ಧ ನೈಸರ್ಗಿಕ ಎಂಬ ಭರವಸೆ ಬೇರೆ. ಮೂಸಿ ನೋಡಿದೆ. ತಾಂಬರಂನ ರೈಲ್ವೆ ಕ್ವಾರ್ಟರ್ಸಿನಲ್ಲಿದ್ದ ನನ್ನ ಸೋದರತ್ತೆ ನೆನಪಾದಳು. ನಿಮಗೂ ಅಂಥದೊಂದು ನೆನಪಿನ ವಾಸನೆ ಇರಬಹುದು. ನನ್ನದು ಮಾತ್ರ ಮಾನ ಕಳೆಯುವಂಥದು.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಅವಳ ಮನೆಯಲ್ಲಿದ್ದುಕೊಂಡು ಸಂಶೋಧನೆ ಎಂಬ ಘನಕಾರ್ಯ ಮಾಡುತ್ತಿದ್ದೆ. ಸಣ್ಣ ಜೀವಿಸಮೂಹಗಳಲ್ಲಿ ತಳಿವೈವಿಧ್ಯ ನಶಿಸುವುದರ ಸಂಭವನೀಯತೆ ನನ್ನ ವಿಷಯ. ಹೆದರಬೇಡಿ, ಸರಳವಾಗಿಯೇ ಹೇಳುತ್ತೇನೆ. ಚೀಲದಲ್ಲಿ ನಾಲ್ಕು ಬಣ್ಣದ ಮಣಿಗಳಿವೆ. ಕಣ್ಣು ಮುಚ್ಚಿ ಹತ್ತು ಮಣಿ ತೆಗೆಯಿರಿ. ಮುಂದಿನ ತಲೆಮಾರು ಅವುಗಳಿಂದಲೇ. ಹೀಗೇ ಮಾಡುತ್ತ ಹೋದರೆ ಬಣ್ಣಗಳು ಒಂದೊಂದಾಗಿ ಕಾಣೆಯಾಗುತ್ತವೆ. ಯೋಗ್ಯತೆ ಕಡಿಮೆಯಾಗಿ ಅಲ್ಲ, ಬರೀ ಕೈಗೆ ಸಿಗದೆ. ಒಮ್ಮೆ ಸೊನ್ನೆಯಾದದ್ದು ಆಮೇಲೂ ಸೊನ್ನೆಯೇ. ಇಷ್ಟು ಹೇಳಲು ನನಗೆ ನಾಲ್ಕು ವರ್ಷ ಬೇಕಾಯಿತು.

ಕಾಲೇಜಿನ ಕಂಪ್ಯೂಟರು ವಾರಕ್ಕೊಂದು ಗಂಟೆ ಸಿಗುತ್ತಿತ್ತು, ಅದೂ ಕೆಡದಿದ್ದರೆ. ಹಾಗಾಗಿ ಮಣಿಗಳ ಬದಲಿಗೆಂದು ಅತ್ತೆಯ ಅವರೆ ಬೀಜದ ಡಬ್ಬಕ್ಕೆ ಕೈ ಹಾಕಿದೆ. ಬೇಲಿಗೆ ಹಬ್ಬಿಸಿದ ಬಳ್ಳಿಯಿಂದ ಅವಳು ವರ್ಷವರ್ಷವೂ ಬಿತ್ತನೆಗೆಂದು ಬೀಜ ತೆಗೆದು, ಹುಳ ಹಿಡಿಯದಂತೆ ಬೂದಿ ಸವರಿ ಇಡುತ್ತಿದ್ದಳು. ಬಿಳಿ, ಕಂದು, ಕಪ್ಪು, ಜೊತೆಗೆ ಚುಕ್ಕೆಯವು ನಾಲ್ಕೇ ಕಾಳು. ಆ ಚುಕ್ಕೆಯ ತಳಿ, ಅವಳು ಮದುವೆಯಾಗಿ ಬರುವಾಗ ಅವಳ ತಾಯಿ ಸೆರಗಿಗೆ ಕಟ್ಟಿ ಕಳಿಸಿದ್ದು. ತವರಿನಲ್ಲಿ ಆ ಬಳ್ಳಿ ಎಂದೋ ಹೋಗಿತ್ತು.

ಬೂದಿಯಿಂದ ನನ್ನ ನೋಟ್‌ಬುಕ್ಕು ಕೊಳೆಯಾದೀತೆಂದು ಬೀಜಗಳನ್ನೆಲ್ಲ ತೊಳೆದು ಒರೆಸಿ ಒಂದು ತಟ್ಟೆಯಲ್ಲಿ ಹರವಿದೆ. ವಿಜ್ಞಾನಕ್ಕೆ ಶುಚಿ ಮುಖ್ಯ ನೋಡಿ. ಕಣ್ಣು ಮುಚ್ಚಿ ಹತ್ತನ್ನು ತೆಗೆದು ಮುಂದಿನ ತಲೆಮಾರೆಂದು ಡಬ್ಬಕ್ಕೆ ಹಾಕಿದೆ. ಉಳಿದವನ್ನು ತಟ್ಟೆಯಲ್ಲೇ ಬಿಟ್ಟು ಲೆಕ್ಕದಲ್ಲಿ ಮುಳುಗಿದೆ. ಕಣ್ಣಿಗೆ ಪೊರೆ ಬಂದಿದ್ದ ಅತ್ತೆ ತಟ್ಟೆ ಎತ್ತಿಕೊಂಡು, ಇದನ್ನು ನೆನೆಹಾಕಲೇ ಎಂದು ಕೇಳಿದಳಂತೆ. ನಾನು ಹೂಂ ಎಂದೆನಂತೆ. ಬೂದಿಯಿಲ್ಲದ ಕಾಳು ಆ ಮನೆಯಲ್ಲಿ ಅಡುಗೆಯ ಕಾಳು.

ಮರುದಿನ ಹುಳಿ ಬಹಳ ರುಚಿಯಾಗಿತ್ತು. ಎರಡನೇ ಸಲ ಬಡಿಸಿಕೊಂಡೆ. ಅತ್ತೆ ತನ್ನ ತಟ್ಟೆಯಿಂದ ಒಂದು ಕಾಳನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು.

"ಇದು ನಮ್ಮಮ್ಮನ ಕಾಳಲ್ವೇನೋ?"

ಡಬ್ಬ ತೆರೆದೆ. ಹತ್ತರಲ್ಲಿ ಚುಕ್ಕೆಯದು ಒಂದೂ ಇರಲಿಲ್ಲ. ಅವಳು ಆ ಕಾಳನ್ನು ತಟ್ಟೆಯ ಅಂಚಿಗೆ ಇಟ್ಟು, "ಪರವಾಯಿಲ್ಲ ಬಿಡು, ಊಟ ಮಾಡು" ಅಂದಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ನನ್ನ ಮಾರ್ಗದರ್ಶಕರು ಮಾತ್ರ, ಫಲಿತಾಂಶ ಸಿದ್ಧಾಂತಕ್ಕೆ ಸರಿಯಾಗಿ ಕೂತಿದೆ ಎಂದು ಬೆನ್ನು ತಟ್ಟಿದರು. ತಳಿನಾಶದ ಬಗ್ಗೆ ಬರೆದವರು ಬಹಳ ಮಂದಿ. ಅದಕ್ಕೆ ಒಗ್ಗರಣೆ ಹಾಕಿಸಿಕೊಂಡು ತಿಂದು ಡಾಕ್ಟರಾದವನು ನಾನೊಬ್ಬನೇ ಇರಬೇಕು.

ಆಮೇಲೆ ಪ್ರತಿ ವರ್ಷ ಬಳ್ಳಿ ಕಾಯಿಬಿಟ್ಟಾಗ ಅತ್ತೆ ನನ್ನನ್ನು ಕರೆಯುತ್ತಿದ್ದಳು. "ಈ ಸಲ ಚುಕ್ಕೇದು ಬಂದಿರಬೋದು. ನಿಂಗೆ ಕಣ್ಣು ಚೆನ್ನಾಗಿದೆ, ನೋಡು." ಸಂಭವ ಸೊನ್ನೆ ಎಂದು ಇನ್ನೂರು ಪುಟ ಬರೆದಿದ್ದ ನಾನು ಒಂದೊಂದೇ ಕಾಯಿ ಬಿಡಿಸಿ ನೋಡುತ್ತಿದ್ದೆ, ಕೊನೆಯ ಕಾಯಿಯವರೆಗೂ.

ಅತ್ತೆ ಹೋಗಿ ವರ್ಷಗಳಾದವು. ಈಗ ನಮ್ಮ ಮನೆಯಲ್ಲಿ ಅವರೆಕಾಯಿ ಸುಲಿಯುವ ಕೆಲಸ ನನ್ನದೇ, ಬೇರೆಯವರಿಗೆ ಬಿಡುವುದಿಲ್ಲ. ಒಂದೊಂದು ಕಾಳನ್ನೂ ಬೆಳಕಿಗೆ ಹಿಡಿದು ಏನು ಹುಡುಕುತ್ತೀರಿ ಎಂದು ಹೆಂಡತಿ ಕೇಳಿದರೆ, ಹುಳ ಅನ್ನುತ್ತೇನೆ.